ಲಾ ಸ್ಕೂಲಿನ ಇಮಿಗ್ರೇಶನ್ ಕ್ಲಿನಿಕ್‌ನಲ್ಲಿ ಟೀಚಿಂಗ್ ಅಟಾರ್ನಿ ಕೆಲಸ: ಒಪ್ಪಿಕೊಳ್ಳಲಾ?

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೈಸೂರಿನಲ್ಲಿ ಎಲ್‌ಎಲ್‌ಬಿ ಮಾಡಿ, ಹಾಸನ ಕೋರ್ಟಿನಲ್ಲಿ ಮೂರು ವರ್ಷ ಸೀನಿಯರ್ ಒಬ್ಬರ ಆಫೀಸಿನಲ್ಲಿ ಇದ್ದೆ. ಮದುವೆಯಾಗಿ ಅಮೆರಿಕಕ್ಕೆ ಬಂದೆ. ಇಲ್ಲಿ ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಬಾರ್ ಪರೀಕ್ಷೆ ಪಾಸು ಮಾಡಿದೆ. ಆರು ವರ್ಷದಿಂದ ಒಂದು ಖಾಸಗಿ ಆಫೀಸಿನಲ್ಲಿ ಎಚ್‌-1ಬಿ, ಐ-140 (ಕಂಪನಿ ಮೂಲಕ ಗ್ರೀನ್ ಕಾರ್ಡಿಗೆ ಹಾಕುವ ಅರ್ಜಿ) ಫೈಲ್ ಮಾಡುತ್ತಿದ್ದೇನೆ. ಕೈತುಂಬ ಕೆಲಸ ಇದೆ, ಸಂಬಳವೂ ಚೆನ್ನಾಗಿದೆ. ಕಕ್ಷಿದಾರರ ಮುಖ ನೋಡುವುದು ಮಾತ್ರ ಅಪರೂಪ.

ಈಗ ಒಂದು ಲಾ ಸ್ಕೂಲಿನ ಇಮಿಗ್ರೇಶನ್ ಕ್ಲಿನಿಕ್‌ನಲ್ಲಿ ಟೀಚಿಂಗ್ ಅಟಾರ್ನಿ ಕೆಲಸ ಸಿಗುವ ಹಾಗಿದೆ. ವಿದ್ಯಾರ್ಥಿಗಳು ನಿಜವಾದ ಕೇಸುಗಳನ್ನು ನಡೆಸುತ್ತಾ ಕಲಿಯುವ ಜಾಗ ಈ ಕ್ಲಿನಿಕ್. ಎರಡು ವರ್ಷದ ಕಾಂಟ್ರಾಕ್ಟ್. ಸೆಮಿಸ್ಟರಿಗೆ ಎಂಟು ವಿದ್ಯಾರ್ಥಿಗಳು, ಇಬ್ಬಿಬ್ಬರಿಗೆ ಒಂದು ಕೇಸು. ಹೆಚ್ಚಿನವು ಅಸೈಲಂ ಕೇಸುಗಳು, ಅಂದರೆ ತಮ್ಮ ದೇಶದಲ್ಲಿ ಹಿಂಸೆಗೆ ಹೆದರಿ ಬಂದವರು ಆಶ್ರಯ ಕೇಳುವಂಥವು. ವಾದ ಮಾಡುವುದು ವಿದ್ಯಾರ್ಥಿಗಳು. ಪಕ್ಕದಲ್ಲಿ ಕೂರುವುದು ನಾನು. ಫೈಲಿನಲ್ಲಿ ಹೆಸರು ನನ್ನದು.

ಮೊದಲ ಸಂದರ್ಶನದ ದಿನ ಅವರ ಮೂಟ್ ನೋಡಲು ಕೂರಿಸಿದರು. ನಿಜವಾದ ವಿಚಾರಣೆಗೆ ಮೊದಲು ಮಾಡುವ ತಾಲೀಮು ಅದು. ಕಕ್ಷಿದಾರರ ಪಾತ್ರ ಮಾಡುತ್ತಿದ್ದವರು ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿ ನಿಲ್ಲಿಸಿಬಿಟ್ಟರು. ವಿದ್ಯಾರ್ಥಿನಿಗೆ ಏನೂ ತೋಚಲಿಲ್ಲ. ಪ್ರಶ್ನೆಯ ಹಾಳೆಯ ಮೂಲೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಕೊನೆಗೆ ಹಾಳೆಯಲ್ಲಿದ್ದ ಮುಂದಿನ ಪ್ರಶ್ನೆ ಓದಿದಳು: "ಆಗ ಗಂಟೆ ಎಷ್ಟಾಗಿತ್ತು?" ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ನಾನಾಗಿದ್ದರೆ ಎದ್ದು ನಿಂತು ನಾನೇ ಕೇಳಿಬಿಡುತ್ತಿದ್ದೆ. ಮೇಲ್ವಿಚಾರಕಿ ಮೇಡಂ ಕದಲಲಿಲ್ಲ.

ನನ್ನ ಪ್ರಶ್ನೆ ಇಷ್ಟು. ನಿಜವಾದ ಕೋರ್ಟಿನಲ್ಲಿ ಹೀಗಾದರೆ ಏನು ಮಾಡಬೇಕು? ಆ ಹುಡುಗಿ ಕಲಿಯಲಿ ಅಂತ ಸುಮ್ನೆ ಕೂರಬೇಕಾ? ಎದುರಿಗಿರುವವರ ಜೀವದ ಪ್ರಶ್ನೆ ಅಲ್ವಾ? ಈ ಕೆಲಸ ಮಾಡಿದವರು, ಕ್ಲಿನಿಕ್‌ನಲ್ಲಿ ಓದಿದವರು ಇದ್ದರೆ ಹೇಳಿ. ಸಂಬಳ ಕಾಲು ಭಾಗ ಕಡಿಮೆಯಾಗುತ್ತದೆ, ಅದೂ ತಲೆಯಲ್ಲಿದೆ.

ಸುಮಾ ಎಸ್

ತಗೊಳ್ಳಿ ಮೇಡಂ. ತಾಲೀಮು ನೋಡಿಯೇ ಇಷ್ಟು ಸಂಕಟ ಆಗಿದೆ ಅಂದರೆ ಆ ಕೆಲಸಕ್ಕೆ ನೀವೇ ಸರಿ.

ಶಿಕಾಗೋ ವಕೀಲ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 18 ವರ್ಷದಿಂದ ಇಮಿಗ್ರೇಶನ್ ಕೋರ್ಟಿನಲ್ಲಿದ್ದೇನೆ. ದುಡ್ಡಿದ್ದವನಿಗೆ ಅನುಭವಿ ವಕೀಲ, ದುಡ್ಡಿಲ್ಲದವನಿಗೆ ಇನ್ನೂ ಓದುತ್ತಿರುವ ಹುಡುಗ. ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಎದುರಿಗೆ ಸರ್ಕಾರದ ವಕೀಲರು ಇಡೀ ವರ್ಷ ಇದೇ ಕೆಲಸ ಮಾಡುವವರು. ಪಾಟಿ ಸವಾಲಿನಲ್ಲಿ ಅವರು ವಿದ್ಯಾರ್ಥಿ ಅಂತ ರಿಯಾಯಿತಿ ತೋರಿಸುವುದಿಲ್ಲ. ಸೋತರೆ ವಿಮಾನ ಹತ್ತುವವರು ಕಕ್ಷಿದಾರರು. ವಿದ್ಯಾರ್ಥಿಗೆ ಕ್ರೆಡಿಟ್ ಹೇಗೂ ಸಿಗುತ್ತದೆ.

ಕುಂದಾಪ್ರ ಹುಡ್ಗ

ಮಾರಾಯ್ರೇ, ನಾನು ಆ "ಓದುತ್ತಿರುವ ಹುಡುಗ" ಆಗಿದ್ದವನು. ನನ್ನ ಮಾತೂ ಕೇಳಿ.

ಮೂರನೇ ವರ್ಷದಲ್ಲಿ ಕ್ಲಿನಿಕ್ ತಗೊಂಡೆ. ಇಬ್ಬರಿಗೆ ಒಂದೇ ಕೇಸು. ಕಕ್ಷಿದಾರರ ಅಫಿಡವಿಟ್ ಹನ್ನೊಂದು ಸಲ ಬರೆದೆವು. ಮೊದಲ ಕರಡಿನಲ್ಲಿ ನಾನು "ಆಮೇಲೆ ಕೆಲವರು ಬಂದು ಹಲ್ಲೆ ಮಾಡಿದರು" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ನಮ್ಮ ಮೇಡಂ ಕೆಂಪು ಪೆನ್ನಿನಲ್ಲಿ ಆ ಸಾಲಿನ ಪಕ್ಕ ಸಣ್ಣಕ್ಕೆ ಬರೆದರು: "ಎಷ್ಟು ಜನ? ಬಾಗಿಲು ಯಾವ ಕಡೆ ಇತ್ತು? ನಿನಗೆ ಆ ಕೋಣೆ ಕಾಣುತ್ತಾ?" ನನಗೆ ಕಾಣುತ್ತಿರಲಿಲ್ಲ. ಮತ್ತೆ ಹೋಗಿ ಕೇಳಿದೆ. ಅವರು ಒಂದು ಕಾಗದದ ಮೇಲೆ ಮನೆಯ ನಕ್ಷೆ ಬರೆದು ತೋರಿಸಿದರು. ಒಲೆ, ಬಾಗಿಲು, ಮಗು ಮಲಗಿದ್ದ ಜಾಗ. ಅವತ್ತು ಆ ಸಾಲು ಎರಡು ಪುಟ ಆಯಿತು. ವಿಚಾರಣೆಯಲ್ಲಿ ನ್ಯಾಯಾಧೀಶರು ಹೆಚ್ಚು ಪ್ರಶ್ನೆ ಕೇಳಿದ್ದು ಆ ಎರಡು ಪುಟದ ಮೇಲೆಯೇ. ಎಲ್ಲದಕ್ಕೂ ಉತ್ತರ ಇತ್ತು.

ಶಿಕಾಗೋ ಸರ್, ನಿಮ್ಮ ಆಫೀಸಿನಲ್ಲಿ ಒಂದು ಅಫಿಡವಿಟ್‌ಗೆ ಹನ್ನೊಂದು ಕರಡು ಮಾಡಲು ಪುರುಸೊತ್ತು ಇದೆಯಾ? ನಿಜ ಹೇಳಿ. ನಮಗೆ ಇದ್ದದ್ದು ಅದೊಂದೇ, ಸಮಯ.

ಶಿಕಾಗೋ ವಕೀಲ

@ಕುಂದಾಪ್ರ ಹುಡ್ಗ, ಇಲ್ಲ, ಪುರುಸೊತ್ತು ಇಲ್ಲ. ಒಪ್ಪುತ್ತೇನೆ. ಆದರೆ ಕಾಗದ ತಯಾರಿಸುವುದು ಬೇರೆ, ಕೋರ್ಟಿನಲ್ಲಿ ನಿಲ್ಲುವುದು ಬೇರೆ. ಹೇಮಾವತಿ ಮೇಡಂ ಕೇಳಿದ್ದು ಎರಡನೆಯದನ್ನು.

ಶರಾವತಿ

ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಬೇರೆ ಬೇರೆ ಎರಡು ಕ್ಲಿನಿಕ್‌ಗಳಲ್ಲಿ. ಹೇಮಾವತಿಯವರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ.

ಕಕ್ಷಿದಾರರು ಮೊದಲು. ಅದರಲ್ಲಿ ಎರಡು ಮಾತಿಲ್ಲ. ಕೋರ್ಟಿನಲ್ಲಿ ದಾಖಲಾಗುವ ಇಒಐಆರ್-28 ಫಾರಂ ಇದೆಯಲ್ಲ, ನಮ್ಮೂರಿನ ವಕಾಲತ್ತಿನ ಹಾಗೆ, ಅದರ ಹೊಣೆ ನಿಮ್ಮದು. ವಿದ್ಯಾರ್ಥಿ ವಾದ ಮಾಡಬಹುದು ಅಂತ ಫೆಡರಲ್ ನಿಯಮ 8 ಸಿಎಫ್‌ಆರ್ 1292.1 ಹೇಳುತ್ತದೆ. ಆದರೆ ಲಾ ಸ್ಕೂಲಿನ ಅಥವಾ ಲಾಭರಹಿತ ಸಂಸ್ಥೆಯ ಕ್ಲಿನಿಕ್ ಆಗಿರಬೇಕು, ಮೇಲ್ವಿಚಾರಣೆ ಇರಬೇಕು, ವಿದ್ಯಾರ್ಥಿ ಕಕ್ಷಿದಾರರಿಂದ ಒಂದು ಪೈಸೆ ಮುಟ್ಟಬಾರದು, ನ್ಯಾಯಾಧೀಶರ ಅನುಮತಿ ಬೇಕು.

ಆದರೆ "ಎದ್ದು ನಿಲ್ಲಬೇಕಾ" ಅನ್ನುವುದನ್ನು ಕೋರ್ಟಿನಲ್ಲಿ ತೀರ್ಮಾನ ಮಾಡುವುದಲ್ಲ. ಅದಕ್ಕೆ ಎರಡು ವಾರ ಮೊದಲೇ ಮಾಡುವುದು. ನಾನು ವಿದ್ಯಾರ್ಥಿಗಳ ಜೊತೆ ಕೂತು ಮಾತಾಡುತ್ತೇನೆ: ಯಾವ ಮೂರು ವಿಷಯ ದಾಖಲೆಗೆ ಬರಲೇಬೇಕು? ಅವು ಬಂದರೆ ಉಳಿದದ್ದು ತಡವರಿಸಿದರೂ ನಾನು ಏಳುವುದಿಲ್ಲ. ಅವುಗಳಲ್ಲಿ ಒಂದು ತಪ್ಪಿದರೆ ಮೊದಲು ಹಳದಿ ಪ್ಯಾಡಿನಲ್ಲಿ ಒಂದು ಪದ ಬರೆದು ಜರುಗಿಸುತ್ತೇನೆ. ಅದೂ ಆಗಲಿಲ್ಲ ಅಂದರೆ ಏಳುತ್ತೇನೆ. ಈ ಒಪ್ಪಂದ ಕಕ್ಷಿದಾರರಿಗೂ ಗೊತ್ತಿರುತ್ತದೆ. ಮೊದಲ ದಿನವೇ ಅವರಿಗೆ ಹೇಳಿರುತ್ತೇವೆ: ವಾದ ಮಾಡುವವರು ವಿದ್ಯಾರ್ಥಿಗಳು, ಬೇಡ ಅನ್ನಿಸಿದರೆ ನೀವು ಬೇಡ ಅನ್ನಬಹುದು.

ಹನ್ನೆರಡು ವರ್ಷದಲ್ಲಿ ನಾನು ಎದ್ದಿದ್ದು ನಾಲ್ಕು ಸಲ. ನಾಲ್ಕೂ ನೆನಪಿವೆ. ಒಂದರಲ್ಲಿ ನಾನು ಏಳಬಾರದಿತ್ತು. ಆ ಹುಡುಗ ಆಮೇಲೆ ಆ ಸೆಮಿಸ್ಟರ್ ಪೂರ್ತಿ ಪ್ರತಿ ಪ್ರಶ್ನೆಗೂ ನನ್ನ ಮುಖ ನೋಡುತ್ತಿದ್ದ.

ಇನ್ನು ಶಿಕಾಗೋ ಸರ್ ಹೇಳಿದ್ದಕ್ಕೆ. ಹೋಲಿಸಬೇಕಾದ್ದು ವಿದ್ಯಾರ್ಥಿ ಮತ್ತು ಅನುಭವಿ ವಕೀಲರನ್ನಲ್ಲ. ಇಮಿಗ್ರೇಶನ್ ಕೋರ್ಟಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕು ಇಲ್ಲ. ಕಾನೂನಿನಲ್ಲೇ ಹಾಗೆ ಬರೆದಿದೆ. ಮಕ್ಕಳಿಗೂ ಇಲ್ಲ. ನಮ್ಮ ಬಾಗಿಲಿಗೆ ಬರುವವರ ಮುಂದೆ ಇರುವುದು ಎರಡೇ ದಾರಿ: ವಿದ್ಯಾರ್ಥಿಗಳಿರುವ ಕ್ಲಿನಿಕ್, ಇಲ್ಲವೇ ಒಬ್ಬರೇ ಹೋಗಿ ನಿಲ್ಲುವುದು.

ಹೇಮಾವತಿ ತೀರ

ಶರಾವತಿ ಮೇಡಂ, "ಮೂರು ವಿಷಯ" ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತುಂಬಾ ಥ್ಯಾಂಕ್ಸ್. ಮೂಟ್‌ನಲ್ಲಿ ಆ ಮೇಡಂ ಯಾಕೆ ಕದಲಲಿಲ್ಲ ಅಂತ ಈಗ ಅರ್ಥ ಆಯಿತು.

ಧಾರವಾಡ ಪೇಡೆ

ನಾನು ವಕೀಲ ಅಲ್ಲ ರೀ, ದುಭಾಷಿ. ಕನ್ನಡ, ಮರಾಠಿ, ಹಿಂದಿ. ಊರು, ವರ್ಷ ಏನೂ ಹೇಳದೆ ಒಂದು ಪ್ರಸಂಗ ಹೇಳುತ್ತೇನೆ. ಸಂಬಂಧವನ್ನೂ ಬದಲಾಯಿಸಿದ್ದೇನೆ.

ಸಾಕ್ಷಿ ಹೇಳುವವರು "ನಮ್ಮ ಅಣ್ಣ" ಅಂದರು. ನಾನು ಬ್ರದರ್ ಅಂತ ಅನುವಾದ ಮಾಡಿದೆ. ಸರ್ಕಾರದ ವಕೀಲರು ತಕ್ಷಣ ಅಸೈಲಂ ಅರ್ಜಿಯ ಐ-589 ಫಾರಂ ತೆಗೆದರು. ಅದರಲ್ಲಿ ಒಡಹುಟ್ಟಿದವರ ಹೆಸರು ಬರೆಯುವ ಜಾಗ ಇದೆ. ಅಲ್ಲಿ ಇಬ್ಬರು ಅಕ್ಕಂದಿರು, ಅಣ್ಣ ಯಾರೂ ಇಲ್ಲ. "ಯಾವುದು ಸುಳ್ಳು, ಫಾರಮೋ ನಿಮ್ಮ ಇವತ್ತಿನ ಮಾತೋ?" ಅಂತ ಕೇಳಿದರು. ಸಾಕ್ಷಿ ಗಾಬರಿಯಾಗಿ "ಅಣ್ಣ ಇದ್ದಾರೆ, ಇದ್ದಾರೆ" ಅಂತ ಮತ್ತೆ ಮತ್ತೆ ಅಂದರು. ನನ್ನ ಬೆನ್ನಲ್ಲಿ ಬೆವರು. ದುಭಾಷಿ ನಡುವೆ ವಿವರಣೆ ಕೊಡುವ ಹಾಗಿಲ್ಲ.

ಆಗ ಎದ್ದವಳು ಕ್ಲಿನಿಕ್ ವಿದ್ಯಾರ್ಥಿನಿ. ಅವಳಿಗೆ ಕನ್ನಡ ಒಂದಕ್ಷರ ಬರುವುದಿಲ್ಲ. ಎರಡೇ ಪ್ರಶ್ನೆ ಕೇಳಿದಳು: "ಆ ಅಣ್ಣನ ತಂದೆಯ ಹೆಸರೇನು? ನಿಮ್ಮ ತಂದೆಯ ಹೆಸರೇನು?" ದೊಡ್ಡಪ್ಪನ ಮಗ ಅಂತ ಎಲ್ಲರಿಗೂ ಗೊತ್ತಾಯಿತು. ಅವರ ಮನೆಯಲ್ಲಿ ಯಾರು ಯಾರನ್ನು ಏನಂತ ಕರೆಯುತ್ತಾರೆ ಅಂತ ಅವಳು ಒಂದು ದೊಡ್ಡ ಹಾಳೆಯಲ್ಲಿ ಮೊದಲೇ ಬರೆದುಕೊಂಡಿದ್ದಳು. ಅಣ್ಣ, ದೊಡ್ಡಪ್ಪ, ಸೋದರಮಾವ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. 18 ವರ್ಷದ ಅನುಭವ ಇದ್ದವರೂ ಅದನ್ನು ಮಾಡಿರುವುದನ್ನು ನಾನು ನೋಡಿಲ್ಲ. ಸರ್, ತಪ್ಪು ತಿಳಿಯಬೇಡಿ.

ಶಿಕಾಗೋ ವಕೀಲ

ತಪ್ಪು ತಿಳಿಯಲಿಲ್ಲ. ಒಳ್ಳೆಯ ಕೆಲಸ ಮಾಡಿದ್ದಾಳೆ. 2005ರ ರಿಯಲ್ ಐಡಿ ಕಾನೂನು ಬಂದ ಮೇಲೆ ಇಂಥ ಸಣ್ಣ ವ್ಯತ್ಯಾಸವೇ ದೊಡ್ಡ ಅಪಾಯ. ಕೇಸಿನ ಮುಖ್ಯ ವಿಷಯಕ್ಕೆ ಸಂಬಂಧ ಇಲ್ಲದಿದ್ದರೂ ನ್ಯಾಯಾಧೀಶರು ಅದನ್ನು ಹಿಡಿದು "ನಂಬಲರ್ಹ ಅಲ್ಲ" ಅನ್ನಬಹುದು.

ಸುಮಾ ಎಸ್

ತಾರೀಖಿನದ್ದೂ ಇದೇ ಕಥೆ ಅಲ್ವಾ? ನಾವು 05/07 ಅಂದರೆ ಜುಲೈ 5. ಅಮೆರಿಕದವರಿಗೆ ಅದು ಮೇ 7.

ಧಾರವಾಡ ಪೇಡೆ

ಹೌದು ರೀ. ಇನ್ನು ಊರಿನ ಕಡೆಯವರು ತಾರೀಖೇ ಹೇಳುವುದಿಲ್ಲ. "ದೀಪಾವಳಿ ಆಗಿ ಎಂಟು ದಿನಕ್ಕೆ", "ಜೋಳ ಕಟಾವಾದ ಮೇಲೆ". ಆ ವರ್ಷ ದೀಪಾವಳಿ ಯಾವತ್ತು ಬಂತು ಅಂತ ಕ್ಯಾಲೆಂಡರ್ ತೆಗೆದು ನೋಡಬೇಕು.

ಶರಾವತಿ

ನಾವು ಇದನ್ನೇ ಮೊದಲ ಎರಡು ವಾರ ಕಲಿಸುತ್ತೇವೆ. ಸೂಸನ್ ಬ್ರಯಂಟ್ ಮತ್ತು ಜೀನ್ ಕೋ ಪೀಟರ್ಸ್ ಅನ್ನುವ ಇಬ್ಬರು ಕ್ಲಿನಿಕ್ ಮೇಡಂಗಳು ರೂಪಿಸಿದ "ಐದು ಅಭ್ಯಾಸ" ಅಂತ ಒಂದು ಪಾಠ ಇದೆ, ಬೇರೆ ಸಂಸ್ಕೃತಿಯವರ ಪರ ವಕೀಲಿ ಮಾಡುವುದು ಹೇಗೆ ಅಂತ. ಬಹಳ ಕ್ಲಿನಿಕ್‌ಗಳಲ್ಲಿ ಬಳಸುತ್ತಾರೆ. ಹೇಮಾವತಿಯವರೇ, ಸೇರುವ ಮೊದಲು ಓದಿಕೊಳ್ಳಿ.

ಟೆಕ್ಕಿ ಡಲ್ಲಾಸ್

ವಿಷಯ ಬೇರೆ, ಕ್ಷಮಿಸಿ. ನನ್ನ ಎಚ್‌-1ಬಿ ಆರನೇ ವರ್ಷ ಮುಗಿಯುತ್ತಿದೆ, ಐ-140 ಅಪ್ರೂವ್ ಆಗಿದೆ, ಕಂಪನಿ ಬದಲಾಯಿಸಬಹುದಾ? ಕ್ಲಿನಿಕ್‌ನಲ್ಲಿ ಫ್ರೀ ಆಗಿ ಹೇಳುತ್ತಾರಾ?

ನಿರ್ವಾಹಕರು

@ಟೆಕ್ಕಿ ಡಲ್ಲಾಸ್, ಇದಕ್ಕೆ ಬೇರೆ ಚರ್ಚೆ ಶುರು ಮಾಡಿ. ಕ್ಲಿನಿಕ್‌ಗಳು ಸಾಮಾನ್ಯವಾಗಿ ವಕೀಲರಿಗೆ ಫೀಸು ಕೊಡಲಾಗದವರ ಕೇಸು ತಗೊಳ್ಳುತ್ತವೆ.

ಮೇಷ್ಟ್ರು ಬೆಂಗಳೂರು

ಬೆಂಗಳೂರಿನ ಕಾನೂನು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಇದನ್ನು ಓದಿ ಒಂದು ಕಡೆ ಖುಷಿ, ಇನ್ನೊಂದು ಕಡೆ ಬೇಸರ. ನಮ್ಮಲ್ಲೂ ಲೀಗಲ್ ಏಡ್ ಕ್ಲಿನಿಕ್ ಇದೆ. ಮಕ್ಕಳನ್ನು ಹಳ್ಳಿಗೆ ಕರೆದುಕೊಂಡು ಹೋಗಿ ಕಾನೂನು ಅರಿವು ಶಿಬಿರ ಮಾಡುತ್ತೇವೆ, ಅರ್ಜಿ ಬರೆದುಕೊಡುತ್ತೇವೆ. ಅಲ್ಲಿಗೆ ನಿಲ್ಲುತ್ತದೆ. ವಿದ್ಯಾರ್ಥಿ ಕೋರ್ಟಿನಲ್ಲಿ ಹಾಜರಾಗುವ ಹಾಗಿಲ್ಲ, ಸನ್ನದು ಬೇಕು. ನಾನೂ ಹೋಗುವ ಹಾಗಿಲ್ಲ. ಬಾರ್ ಕೌನ್ಸಿಲ್ ನಿಯಮ 49 ಪ್ರಕಾರ ಪೂರ್ತಿ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲ. ನಾನು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಪಾಠ ಮಾಡುತ್ತೇನೆ, ಹದಿನಾಲ್ಕು ವರ್ಷದಿಂದ ಒಂದು ವಕಾಲತ್ತಿಗೂ ಸಹಿ ಹಾಕಿಲ್ಲ. ಹೇಮಾವತಿ, ನಿಮಗೆ ಸಿಕ್ಕಿರುವುದು ಎರಡೂ ಒಟ್ಟಿಗೆ ಮಾಡುವ ಅವಕಾಶ.

ಸೋಮಣ್ಣ ತುಮಕೂರು

ಮೇಷ್ಟ್ರೇ, ಸಣ್ಣ ತಿದ್ದುಪಡಿ. ಆ ಕಡೆಯಿಂದ ದಾರಿ ಇದೆ. 1979ರ ನಿಯಮದ ಪ್ರಕಾರ ವೃತ್ತಿಯಲ್ಲಿರುವ ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಪಾಠ ಮಾಡಬಹುದು. ನಾನು ಬೆಳಿಗ್ಗೆ ಕಾಲೇಜು, ಆಮೇಲೆ ಕೋರ್ಟು ಅಂತ ಐದು ವರ್ಷ ಮಾಡಿದ್ದೇನೆ.

ಮೇಷ್ಟ್ರು ಬೆಂಗಳೂರು

ಸೋಮಣ್ಣನವರೇ, ಅದು ಸರಿ. ಆದರೆ ನೀವು ಬೆಳಿಗ್ಗೆ ಪಾಠ ಮಾಡಿದ ವಿದ್ಯಾರ್ಥಿ ಆಮೇಲೆ ನಿಮ್ಮ ಜೊತೆ ಬಂದು ಪಾಟಿ ಸವಾಲು ಮಾಡಿದನಾ? ಹಿಂದಿನ ಬೆಂಚಿನಲ್ಲಿ ಕೂತು ಡೈರಿ ಬರೆದ. ನಾನು ಹೇಳುತ್ತಿರುವುದು ಅದನ್ನು.

ಸೋಮಣ್ಣ ತುಮಕೂರು

ಅದು ನಿಜ. ಆದರೆ ಇನ್ನೊಂದು ವಿಷಯದಲ್ಲಿ ನಮ್ಮ ಕಾನೂನೇ ಮೇಲು. ಸಂವಿಧಾನದ 39ಎ ವಿಧಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ನೋಡಿ. ಹೆಂಗಸರಿಗೆ, ಮಕ್ಕಳಿಗೆ, ಕಸ್ಟಡಿಯಲ್ಲಿ ಇರುವವರಿಗೆ ಉಚಿತ ವಕೀಲರು. ಅಷ್ಟು ದೊಡ್ಡ ದೇಶದಲ್ಲಿ ಬಂಧನದಲ್ಲಿರುವ ವಲಸಿಗನಿಗೆ ವಕೀಲ ಇಲ್ಲ ಅಂದರೆ ನನಗೆ ನಂಬಲು ಕಷ್ಟ ಆಗುತ್ತಿದೆ.

ಕುಂದಾಪ್ರ ಹುಡ್ಗ

ನಂಬಿ ಸೋಮಣ್ಣ. ಅದನ್ನು ಸರಿ ಮಾಡಲು ಹೊರಟವರಲ್ಲೂ ಕ್ಲಿನಿಕ್‌ನವರು ಇದ್ದಾರೆ. ನ್ಯೂಯಾರ್ಕ್‌ನಲ್ಲಿ 2013ರಲ್ಲಿ ಬಂಧನದಲ್ಲಿರುವ ಬಡ ವಲಸಿಗರಿಗೆ ನಗರದ ದುಡ್ಡಿನಲ್ಲಿ ವಕೀಲರನ್ನು ಕೊಡುವ ಯೋಜನೆ ಶುರುವಾಯಿತು. ಕಾರ್ಡೋಜೊ ಲಾ ಸ್ಕೂಲಿನ ಕ್ಲಿನಿಕ್ ಅದರ ತಯಾರಿಯಲ್ಲಿ ದುಡಿದಿತ್ತು. 2017ರ ಜನವರಿಯಲ್ಲಿ ಕೆಲವು ದೇಶದವರು ಅಮೆರಿಕಕ್ಕೆ ಬರದಂತೆ ಪ್ರಯಾಣ ನಿಷೇಧ ಬಂದಾಗ ಬ್ರೂಕ್ಲಿನ್ ಫೆಡರಲ್ ಕೋರ್ಟಿನಿಂದ ಮೊದಲ ತಡೆ ತಂದ ಕೇಸಿನಲ್ಲೂ ಯೇಲ್ ಕ್ಲಿನಿಕ್ ಇತ್ತು. ಆ ಸೋಮವಾರ ಕ್ಲಾಸಿನಲ್ಲಿ ನಾವು ಬೇರೆ ಏನೂ ಮಾತಾಡಲಿಲ್ಲ.

ಶರಾವತಿ

ಕಸಿಂಗಾ ಕೇಸನ್ನೂ ಸೇರಿಸಿ. ಟೋಗೋ ದೇಶದಿಂದ ಓಡಿ ಬಂದ ಹುಡುಗಿ, ಜನನಾಂಗ ಕತ್ತರಿಸುವ ಪದ್ಧತಿಗೆ ಹೆದರಿ ಬಂದವಳು. 1996ರಲ್ಲಿ ಇಮಿಗ್ರೇಶನ್ ಮೇಲ್ಮನವಿ ಮಂಡಳಿ ಅವಳಿಗೆ ಆಶ್ರಯ ಕೊಟ್ಟಿತು. ಅಮೆರಿಕನ್ ಯೂನಿವರ್ಸಿಟಿಯ ಕ್ಲಿನಿಕ್ ಆ ಕೇಸನ್ನು ತಗೊಂಡಿತ್ತು, ಮಂಡಳಿಯ ಮುಂದೆ ವಾದಿಸಿದವರು ಕ್ಯಾರೆನ್ ಮುಸಾಲೊ. ಹೆಂಗಸರ ಆಶ್ರಯದ ಕೇಸುಗಳಿಗೆ ಅದು ದಾರಿ ತೆರೆಯಿತು.

ಶಿಕಾಗೋ ವಕೀಲ

ಕಸಿಂಗಾ ಹೆಸರು ಎತ್ತಿದರೆ ಪೂರ್ತಿ ಹೇಳಬೇಕು ಮೇಡಂ. ಮೊದಲ ವಿಚಾರಣೆಯಲ್ಲಿ ಆ ಹುಡುಗಿಯ ಪರ ನಿಂತವಳು ಕಾನೂನು ವಿದ್ಯಾರ್ಥಿನಿ. ಸೋತರು. ನ್ಯಾಯಾಧೀಶರು ನಂಬಲಿಲ್ಲ. ಆ ಹುಡುಗಿ ಒಂದು ವರ್ಷಕ್ಕಿಂತ ಜಾಸ್ತಿ ಬಂಧನದಲ್ಲಿ ಕಳೆದಳು.

ಶರಾವತಿ

ಸರ್, ನೀವೂ ಪೂರ್ತಿ ಹೇಳಬೇಕು. ಆಗ ಆ ವಿದ್ಯಾರ್ಥಿನಿ ಕ್ಲಿನಿಕ್‌ನಲ್ಲಿ ಇರಲಿಲ್ಲ. ಒಬ್ಬ ಖಾಸಗಿ ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಸೋತ ಮೇಲೆ ಸುಮ್ಮನೆ ಕೂರದೆ ಕೇಸನ್ನು ತನ್ನ ಕಾಲೇಜಿನ ಕ್ಲಿನಿಕ್‌ಗೆ ತಂದವಳೂ ಅವಳೇ. ಮಂಡಳಿಯಲ್ಲಿ ಗೆದ್ದ ಮಾರನೇ ವರ್ಷ, 1997ರಲ್ಲಿ, ಇಂಥ ಹೆಂಗಸರಿಗಾಗಿ ತಾಹಿರಿ ಜಸ್ಟಿಸ್ ಸೆಂಟರ್ ಕಟ್ಟಿದಳು. ನನ್ನ ಪ್ರಕಾರ ಈ ಕೇಸು ವಿದ್ಯಾರ್ಥಿಗಳನ್ನು ದೂರ ಇಡಿ ಅನ್ನುವುದಿಲ್ಲ. ಪಕ್ಕದಲ್ಲಿ ಸರಿಯಾದ ಮೇಲ್ವಿಚಾರಕರನ್ನು ಕೂರಿಸಿ ಅನ್ನುತ್ತದೆ.

ಶಿಕಾಗೋ ವಕೀಲ

ಅದು ಒಪ್ಪುವ ಮಾತು. ಆದರೆ ಒಂದು ವಿಷಯ ಯಾರೂ ಹೇಳುತ್ತಿಲ್ಲ. ಇಮಿಗ್ರೇಶನ್ ಕೋರ್ಟುಗಳಲ್ಲಿ 30 ಲಕ್ಷಕ್ಕೂ ಜಾಸ್ತಿ ಕೇಸು ಬಾಕಿ ಇವೆ. ಸೆಮಿಸ್ಟರ್ ಹದಿನಾಲ್ಕು ವಾರ. ವಾಯಿದೆ ಬಿದ್ದರೆ ವರ್ಷಗಟ್ಟಲೆ. ವಿದ್ಯಾರ್ಥಿ ಪಾಸಾಗಿ ಹೋಗುತ್ತಾನೆ, ಹೊಸಬ ಬರುತ್ತಾನೆ, ಕಕ್ಷಿದಾರರು ಅದೇ ಕಥೆ ಮತ್ತೆ ಮೊದಲಿನಿಂದ ಹೇಳಬೇಕು.

ಶರಾವತಿ

ಹೌದು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಅದೇ. ಒಬ್ಬ ತಾಯಿ ನನ್ನನ್ನೇ ಕೇಳಿದ್ದರು: "ಇನ್ನೂ ಎಷ್ಟು ಸಲ ಹೇಳಲಿ ಮೇಡಂ? ನೀವು ಬರೆದುಕೊಂಡಿದ್ದೀರಲ್ಲ?" ಅವರು ಮೂರನೇ ತಂಡದ ಮುಂದೆ ಕೂತಿದ್ದರು. ನನಗೆ ಮಾತು ಹೊರಡಲಿಲ್ಲ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಹೊಸ ತಂಡ ಬಂದಾಗ ಮೊದಲ ಭೇಟಿಯಲ್ಲಿ ಆ ಘಟನೆಯ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಹಳೆಯ ಅಫಿಡವಿಟ್ ಪೂರ್ತಿ ಓದಿ ಬಂದಿರಬೇಕು. ಅವತ್ತು ಕೆಲಸ, ಮಕ್ಕಳ ಶಾಲೆ, ಬಸ್ಸು, ಇಷ್ಟೇ ಮಾತು. ಹಳೆಯ ತಂಡ ಬಿಟ್ಟು ಹೋಗುವಾಗ ಬರೆಯುವ ಟಿಪ್ಪಣಿಯಲ್ಲಿ ಕಾನೂನಿನ ವಿಷಯದ ಜೊತೆಗೆ "ಇವರು ಯಾವುದಕ್ಕೆ ಬೆಚ್ಚುತ್ತಾರೆ, ಯಾವ ಪ್ರಶ್ನೆ ಆದ ಮೇಲೆ ನೀರು ಕೇಳುತ್ತಾರೆ" ಅಂತಲೂ ಇರಬೇಕು. ಪೂರ್ತಿ ಪರಿಹಾರ ಅಲ್ಲ ಅಂತ ಗೊತ್ತು.

ಪಿರಿಯಾಪಟ್ಟಣ ಪುಟ್ಟಣ್ಣ

ನನಗೆ ಬೈಲಕುಪ್ಪೆಯ ಗೆಳೆಯ ಇದ್ದಾನೆ, ಟಿಬೆಟನ್. ಒಟ್ಟಿಗೆ ಕ್ರಿಕೆಟ್ ಆಡಿದವರು. ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ಅವನು ಅಮೆರಿಕಕ್ಕೆ ಹೋಗಿ ಕ್ಲಿನಿಕ್ ಮೂಲಕವೇ ಅರ್ಜಿ ಹಾಕಿದ. ಅವನ ಹೆಸರು

(ಮುಂದಿನ ಭಾಗ ತೆಗೆಯಲಾಗಿದೆ. ನಿರ್ವಾಹಕರು)

ನಿರ್ವಾಹಕರು

ಪುಟ್ಟಣ್ಣನವರೇ, ಸ್ನೇಹದಿಂದಲೇ ಬರೆದಿದ್ದೀರಿ ಅಂತ ಗೊತ್ತು. ಆದರೆ ಹೆಸರು, ಹುಟ್ಟಿದ ವರ್ಷ, ಈಗ ಇರುವ ಊರು ಮೂರೂ ಇತ್ತು. ಆಶ್ರಯದ ಕೇಸಿನ ವಿವರ ಹೊರಗೆ ಬಂದರೆ ಊರಿನಲ್ಲಿ ಉಳಿದವರಿಗೂ ತೊಂದರೆ ಆಗಬಹುದು.

ಪಿರಿಯಾಪಟ್ಟಣ ಪುಟ್ಟಣ್ಣ

ಅಯ್ಯೋ, ಅಷ್ಟು ಯೋಚಿಸಲಿಲ್ಲ. ಕ್ಷಮಿಸಿ. ತೆಗೆದಿದ್ದು ಒಳ್ಳೆಯದಾಯಿತು. ನನ್ನ ಪ್ರಶ್ನೆ ಬೇರೆ: ಇಲ್ಲೇ ಹುಟ್ಟಿ ಬೆಳೆದವನು ಭಾರತದವನೇ ಅಲ್ವಾ? ಅವನಿಗೆ ಅಲ್ಲಿ ಹೇಗೆ ಆಶ್ರಯ ಕೊಡುತ್ತಾರೆ?

ಶರಾವತಿ

ಒಳ್ಳೆಯ ಪ್ರಶ್ನೆ. ಯಾರೊಬ್ಬರ ಕೇಸೂ ಅಲ್ಲ, ಸಾಮಾನ್ಯವಾಗಿ ಹೇಳುತ್ತೇನೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಟಿಬೆಟನ್ನರ ಹತ್ತಿರ ಇರುವುದು ವಿದೇಶಿಯರಾಗಿ ನೋಂದಾಯಿಸಿದ್ದಕ್ಕೆ ಕೊಡುವ, ಆಗಾಗ ನವೀಕರಿಸಬೇಕಾದ ಆರ್‌ಸಿ ಪುಸ್ತಕ. ಆದರೆ ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಪೌರರು. ಹಾಗಾಗಿ ಹುಟ್ಟಿದ ವರ್ಷ ನೋಡಿದರೆ ಕೇಸಿನ ರೂಪವೇ ಬದಲಾಗುತ್ತದೆ. ಜೊತೆಗೆ, ಬೇರೆ ದೇಶದಲ್ಲಿ ಭದ್ರವಾಗಿ ನೆಲೆ ನಿಂತವರಿಗೆ ಅಮೆರಿಕದಲ್ಲಿ ಆಶ್ರಯ ಇಲ್ಲ ಅನ್ನುವ ನಿಯಮ ಇದೆ. ಆರ್‌ಸಿ ಪುಸ್ತಕ ಭದ್ರ ನೆಲೆಯೋ ಅಲ್ಲವೋ ಅನ್ನುವುದೇ ವಾದ. ಇಂಥ ಕೇಸಿಗೆ ಕರ್ನಾಟಕ ಗೊತ್ತಿರುವ ವಕೀಲರು ಸಿಕ್ಕರೆ ಎಷ್ಟು ಅನುಕೂಲ ಅಂತ ಹೇಮಾವತಿಯವರು ಯೋಚಿಸಿ. ಬೈಲಕುಪ್ಪೆ ಯಾವ ತಾಲೂಕು ಅಂತ ನಿಮಗೆ ಗೂಗಲ್ ಮಾಡಬೇಕಿಲ್ಲ.

ರೇಖಾ ನ್ಯೂಜೆರ್ಸಿ

ನಮ್ಮ ಹೆಣ್ಣುಮಕ್ಕಳ ಬಗ್ಗೆಯೂ ಹೇಳಿ. ಎಚ್‌-4ನಲ್ಲಿ, ಅಂದರೆ ಗಂಡನ ಕೆಲಸದ ವೀಸಾ ನೆಚ್ಚಿಕೊಂಡು ಬಂದು, ಮನೆಯಲ್ಲಿ ಹೊಡೆತ ತಿಂದು, "ವೀಸಾ ನನ್ನ ಕೈಯಲ್ಲಿದೆ" ಅಂತ ಗಂಡ ಹೆದರಿಸಿದವರು ನಮ್ಮ ಕನ್ನಡದವರಲ್ಲೂ ಇದ್ದಾರೆ. ನಾನು ಒಬ್ಬರನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಆಗಿದ್ದರೆ ಹೆಂಡತಿ ತಾನೇ ಅರ್ಜಿ ಹಾಕಬಹುದು, ಎಚ್‌-1ಬಿ ಆಗಿದ್ದರೆ ಆ ದಾರಿ ಇಲ್ಲ ಅಂತ ಅವತ್ತೇ ನಮಗೆ ಗೊತ್ತಾಗಿದ್ದು. ಪೊಲೀಸರಿಗೆ ದೂರು ಕೊಟ್ಟು ತನಿಖೆಗೆ ಸಹಕರಿಸಿದ್ದರೆ ಅಪರಾಧಕ್ಕೆ ಬಲಿಯಾದವರಿಗೆ ಕೊಡುವ ಯು ವೀಸಾ ಇದೆ, ಆದರೆ ವರ್ಷಕ್ಕೆ 10,000 ಮಾತ್ರ, ಸಾಲು ಬಹಳ ಉದ್ದ. ಆ ವಿದ್ಯಾರ್ಥಿನಿ ಅವರಿಗೆ ಮೊದಲು ಹೇಳಿದ್ದು ವೀಸಾ ವಿಷಯ ಅಲ್ಲ. "ನೀವು ಇಲ್ಲಿ ಹೇಳಿದ್ದು ನಿಮ್ಮ ಯಜಮಾನರಿಗೆ ಗೊತ್ತಾಗುವುದಿಲ್ಲ" ಅಂದಳು. ಅವರು ಅರ್ಧ ಗಂಟೆ ಅತ್ತರು.

ಹೇಮಾವತಿ ತೀರ

ರೇಖಾ ಅವರೇ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಆರು ವರ್ಷ ಎಚ್‌-4 ಫಾರಂ ತುಂಬಿದ್ದೇನೆ. ಆ ಹೆಸರುಗಳ ಹಿಂದೆ ಇಂಥವರು ಎಷ್ಟು ಜನ ಇದ್ದರೋ.

ಎರಡನೇ ಸಂದರ್ಶನ ಮುಂದಿನ ವಾರ. ಏನು ಕೇಳಬೇಕು ಅಂತ ಹೇಳಿ.

ಶರಾವತಿ

ಬೇಸಿಗೆ ರಜೆಯಲ್ಲಿ ಕೇಸು ಯಾರು ನೋಡುತ್ತಾರೆ ಅಂತ ಮೊದಲು ಕೇಳಿ. ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ಹೋಗುತ್ತಾರೆ, ಕೋರ್ಟು ಹೋಗುವುದಿಲ್ಲ. ಹೊಸ ಕೇಸು ಬೇಡ ಅನ್ನುವ ಅಧಿಕಾರ ನಿಮಗೆ ಇದೆಯಾ? ಸೋಶಿಯಲ್ ವರ್ಕರ್ ಇದ್ದಾರಾ? ದುಭಾಷಿಗೆ ದುಡ್ಡು ಇದೆಯಾ, ಇಲ್ಲ ಕಕ್ಷಿದಾರರ ನೆಂಟರನ್ನೇ ಕೂರಿಸುತ್ತಾರಾ? ಕೊನೆಯದಕ್ಕೆ ಹೌದು ಅಂದರೆ ಎರಡು ಸಲ ಯೋಚಿಸಿ. ನೆಂಟರ ಮುಂದೆ ಯಾರೂ ನಿಜ ಹೇಳುವುದಿಲ್ಲ.

ಕುಂದಾಪ್ರ ಹುಡ್ಗ

ಎರಡು ವರ್ಷ ಆದ ಮೇಲೆ ಏನು ಅಂತಲೂ ಕೇಳಿ. ಗ್ರಾಂಟ್ ಮೇಲೆ ನಡೆಯುವ ಹುದ್ದೆಯಾ? ಫೆಡರಲ್ ಸ್ಟೂಡೆಂಟ್ ಲೋನ್ ಇದ್ದರೆ ಸರ್ಕಾರಿ ಅಥವಾ ಲಾಭರಹಿತ ಯೂನಿವರ್ಸಿಟಿ ಕೆಲಸ ಸಾರ್ವಜನಿಕ ಸೇವೆಯವರ ಸಾಲ ಮನ್ನಾ ಯೋಜನೆಯಾದ ಪಿಎಸ್‌ಎಲ್‌ಎಫ್‌ಗೆ ಲೆಕ್ಕಕ್ಕೆ ಬರುತ್ತದೆ, 120 ಕಂತು ಕಟ್ಟಿದರೆ ಉಳಿದದ್ದು ಮಾಫಿ.

ಹೇಮಾವತಿ ತೀರ

ಲೋನ್ ಇಲ್ಲ, ಅಪ್ಪ ತೋಟ ಅಡವಿಟ್ಟು ಓದಿಸಿದ್ದು, ಅದು ತೀರಿದೆ. ನನ್ನ ಬಾರ್ ನ್ಯೂಯಾರ್ಕಿನದು, ಕ್ಲಿನಿಕ್ ಬೇರೆ ರಾಜ್ಯದಲ್ಲಿ. ಅದು ತೊಂದರೆ ಆಗುತ್ತಾ?

ಶಿಕಾಗೋ ವಕೀಲ

ಇಮಿಗ್ರೇಶನ್ ಕೋರ್ಟಿಗೆ ತೊಂದರೆ ಇಲ್ಲ. ಫೆಡರಲ್ ಕಾನೂನು, ಯಾವ ರಾಜ್ಯದ ಬಾರ್ ಆದರೂ ನಡೆಯುತ್ತದೆ. ಆದರೆ ತಂದೆ ತಾಯಿ ಕೈಬಿಟ್ಟ ಅಥವಾ ಹಿಂಸಿಸಿದ ವಲಸೆ ಮಕ್ಕಳ ಎಸ್‌ಐಜೆ ಕೇಸು ಬಂದರೆ ಮೊದಲು ರಾಜ್ಯದ ಕೋರ್ಟಿನ ಆದೇಶ ಬೇಕು. ಅದಕ್ಕೆ ಅಲ್ಲಿನ ಬಾರ್ ಬೇಕಾಗುತ್ತದೆ. ಯಾರು ನೋಡುತ್ತಾರೆ ಅಂತ ಕೇಳಿಕೊಳ್ಳಿ.

ಮತ್ತೆ ಇನ್ನೊಂದು. ಅಮೆರಿಕಕ್ಕೆ ಬಂದ ಒಂದು ವರ್ಷದೊಳಗೆ ಅಸೈಲಂ ಅರ್ಜಿ ಹಾಕಬೇಕು ಅನ್ನುವ ಗಡುವು ನಿಮಗೆ ಗೊತ್ತಿದೆ. ಆ ತಾರೀಖುಗಳ ಪಟ್ಟಿಯನ್ನು ವಿದ್ಯಾರ್ಥಿಗಳ ಕೈಯಲ್ಲಿ ಬಿಡಬೇಡಿ. ನೀವೇ ಇಟ್ಟುಕೊಳ್ಳಿ. ಕಲಿಸುವುದು ಏನೇ ಇರಲಿ, ಅದನ್ನು ಮಾತ್ರ ಬೇಡ.

ಶರಾವತಿ

ಇದಕ್ಕೆ ನನ್ನದೂ ಸಹಿ.

ಧಾರವಾಡ ಪೇಡೆ

ನಡುವೆ ಒಂದು ಸಹಾಯ ಬೇಕಿತ್ತು. ಕನ್ನಡ ಪೊಲೀಸ್ ಕಾಗದ ಅನುವಾದ ಮಾಡುತ್ತಿದ್ದೇನೆ, ಎರಡೂ ಭಾಷೆ ಬಲ್ಲೆ ಅಂತ ಸಹಿ ಮಾಡಿ ಕೋರ್ಟಿಗೆ ಕೊಡಬೇಕು. "ಪಿರ್ಯಾದಿ"ಗೆ ಕಂಪ್ಲೇನೆಂಟ್ ಅಂತ ಹಾಕಿದೆ. "ಮಹಜರು" ಅನ್ನುವುದಕ್ಕೆ ಏನು ಹಾಕಲಿ?

ಮೇಷ್ಟ್ರು ಬೆಂಗಳೂರು

ಸ್ಪಾಟ್ ಇನ್‌ಸ್ಪೆಕ್ಷನ್ ರಿಪೋರ್ಟ್ ಅಂತ ಹಾಕಿ.

ಸೋಮಣ್ಣ ತುಮಕೂರು

ಮೇಷ್ಟ್ರೇ, ಅದು ಸಾಲದು. ಪಂಚರ ಸಮ್ಮುಖ ಅನ್ನುವುದೇ ಮಹಜರಿನ ಜೀವ. ಮಹಜರು ಅಂತಲೇ ಇಟ್ಟು, "ಪೊಲೀಸರು ಇಬ್ಬರು ಸಾಕ್ಷಿಗಳ ಎದುರು ಸ್ಥಳದಲ್ಲೇ ಬರೆದ ದಾಖಲೆ" ಅಂತ ಅಡಿಟಿಪ್ಪಣಿ ಕೊಡಿ. ಮತ್ತೆ, ಅದು ಸ್ಥಳ ಮಹಜರೋ ಜಪ್ತಿ ಮಹಜರೋ ಮೊದಲು ನೋಡಿ.

ಧಾರವಾಡ ಪೇಡೆ

ಸ್ಥಳ ಮಹಜರು ರೀ. ಟಿಪ್ಪಣಿ ಕೊಡುತ್ತೇನೆ, ನಮಸ್ಕಾರ. ಕೈಬರಹ ನೋಡಿದರೆ ಕಣ್ಣೀರು ಬರುತ್ತದೆ.

ಹೇಮಾವತಿ ತೀರ

ಎಲ್ಲರಿಗೂ ಒಂದು ಸುದ್ದಿ. ಎರಡನೇ ಸಂದರ್ಶನ ಮುಗಿಯಿತು. ನೀವು ಹೇಳಿದ್ದನ್ನೆಲ್ಲ ಕೇಳಿದೆ. ಬೇಸಿಗೆಯಲ್ಲಿ ಇಬ್ಬರು ಅಟಾರ್ನಿಗಳು ಕೇಸು ಹಂಚಿಕೊಳ್ಳುತ್ತಾರೆ. ದುಭಾಷಿಗಳಿಗೆ ಬಜೆಟ್ ಇದೆ. ಸೋಶಿಯಲ್ ವರ್ಕರ್ ವಾರಕ್ಕೆ ಎರಡು ದಿನ ಬರುತ್ತಾರೆ. ಎರಡು ವರ್ಷದ ನಂತರ ಏನು ಅನ್ನುವುದಕ್ಕೆ ಸ್ಪಷ್ಟ ಉತ್ತರ ಸಿಗಲಿಲ್ಲ. ಒಪ್ಪಿಕೊಂಡೆ. ಆಗಸ್ಟ್‌ನಲ್ಲಿ ಸೇರುತ್ತೇನೆ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಮೇಷ್ಟ್ರ ಕೆಲಸವಾ, ವಕೀಲಿಯಾ?" ಅಂತ ಕೇಳಿದರು. ಎರಡೂ ಅಮ್ಮ ಅಂದೆ.

ಹೊರಡುವಾಗ ಆ ಮೂಟ್ ಹುಡುಗಿಯ ವಿಚಾರಣೆ ಏನಾಯಿತು ಅಂತ ಮೇಡಂ ಅವರನ್ನು ಕೇಳಿದೆ. ಇಷ್ಟು ಮಾತ್ರ ಹೇಳಬಹುದು ಅಂದರು: ನಡುವೆ ಕಕ್ಷಿದಾರರಿಗೆ ಮಾತು ನಿಂತುಹೋಯಿತಂತೆ. ಹುಡುಗಿ ಪ್ರಶ್ನೆಯ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟು, ನೀರಿನ ಲೋಟ ಅವರ ಕಡೆ ಸರಿಸಿ, ನ್ಯಾಯಾಧೀಶರಿಗೆ ಐದು ನಿಮಿಷ ಬಿಡುವು ಕೇಳಿದಳಂತೆ. ತೀರ್ಪು ಇನ್ನೂ ಬಂದಿಲ್ಲ.

ಶಿಕಾಗೋ ವಕೀಲ

ಬಿಡುವು ಕೇಳಿದ್ದು ಸರಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಅಭಿನಂದನೆ ಮೇಡಂ. ನಿಮ್ಮ ಕ್ಲಿನಿಕ್ ಮೂಟ್‌ಗೆ ಸರ್ಕಾರದ ವಕೀಲರ ಪಾತ್ರ ಮಾಡಲು ಯಾರಾದರೂ ಬೇಕಿದ್ದರೆ ನನಗೆ ಹೇಳಿ. ವಿಡಿಯೋದಲ್ಲಿ ಬರುತ್ತೇನೆ. ಪಾಟಿ ಸವಾಲು ಗಟ್ಟಿಯಾಗಿಯೇ ಮಾಡುತ್ತೇನೆ.

ಹೇಮಾವತಿ ತೀರ

ಖಂಡಿತ ಸರ್. ಸೆಪ್ಟೆಂಬರ್ ಕೊನೆಯ ವಾರ ಇಟ್ಟುಕೊಳ್ಳಿ.

ಧಾರವಾಡ ಪೇಡೆ

ಅಭಿನಂದನೆ ರೀ ಅಕ್ಕಾವರೇ. ಸೋಮಣ್ಣ, ಇನ್ನೊಂದು ಪ್ರಶ್ನೆ ಇದೆ: "ಸದರಿ ಇಸಮು" ಅಂತ ಬರೆದಿದ್ದಾರೆ. ಅದಕ್ಕೆ ಏನು ಹಾಕೋಣ?